ಮರೆಹೊಕ್ಕವರೂ ನಮ್ಮ ಕಾನೂನೂ

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಪಠ್ಯ)



ಶತಮಾನೋತ್ಸವದ ಸಂದರ್ಭದಲ್ಲಿ ಶಾಲೆಯ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಅದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯಲ್ಲಿ ಈಗಾಗಲೇ ಹೇಳಿದ್ದಾರೆ. ನಾವು ಆರಿಸಿಕೊಂಡ ವಿಷಯ ಬೇರೆ: ನೆಲೆ ಕಳೆದುಕೊಂಡು ಬಂದವರನ್ನು ಕಾನೂನು ಹೇಗೆ ಕಾಣಬೇಕು ಎಂಬುದು. ಇದು ದೆಹಲಿಯಲ್ಲಿಯೋ ಜಿನೀವಾದಲ್ಲಿಯೋ ಚರ್ಚಿಸಬೇಕಾದ ವಿಷಯವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಪಂದಲೂರಿನಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದವರಿಗೆ ಇದು ದೂರದ ವಿಷಯವಾಗಿ ತೋರಲಾರದು. ಚೇರಂಬಾಡಿಯಿಂದ ದೇವಾಲದವರೆಗೆ, ನೆಲ್ಲಿಯಾಳದಿಂದ ಕೊಳಪ್ಪಳ್ಳಿಯವರೆಗೆ ಹಬ್ಬಿರುವ ಸರ್ಕಾರಿ ಚಹಾ ತೋಟಗಳು ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರವಾಗಿ. ಆ ತೋಟಗಳ ಲೈನು ಮನೆಗಳಲ್ಲಿ ವಾಸಿಸುವ ಸಾವಿರಾರು ಜನರ ಬದುಕೇ ಈ ಉಪನ್ಯಾಸದ ವಸ್ತು.

ಶಾಲೆಯೊಂದರಲ್ಲಿ ಈ ಮಾತು ಆಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿರುವ ದಾಖಲಾತಿ ಪುಸ್ತಕಗಳನ್ನು ನಾವು ಹಳೆಯ ಕಾಗದವೆಂದು ಭಾವಿಸುತ್ತೇವೆ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು: ಇಷ್ಟೇ ಅದರಲ್ಲಿರುವುದು. ಆದರೆ ಜನನ ನೋಂದಣಿ ಇಲ್ಲದ, ಜಮೀನಿನ ಪಟ್ಟಾ ಇಲ್ಲದ, ಹಳೆಯ ಪಾಸ್‌ಪೋರ್ಟು ಗೆದ್ದಲು ತಿಂದುಹೋದ ಕುಟುಂಬಕ್ಕೆ, ತಾನು ಇಂಥ ದಿನ ಇಂಥಲ್ಲಿ ಇದ್ದೆ ಎಂದು ಸಾರಿ ಹೇಳಲು ಉಳಿಯುವ ಒಂದೇ ಸಾಕ್ಷಿ ಎಷ್ಟೋ ಸಲ ಶಾಲೆಯ ಈ ಒಂದು ಸಾಲು. ಗುಮಾಸ್ತರು ಅಂದು ಮಸಿಯಲ್ಲಿ ಬರೆದ ಆ ಸಾಲು ಮೂವತ್ತು ವರ್ಷಗಳ ಬಳಿಕ ಒಬ್ಬ ಮನುಷ್ಯನನ್ನು ಪೌರನನ್ನಾಗಿ ಉಳಿಸಬಲ್ಲದು. ಅದು ಇಲ್ಲದಿದ್ದರೆ ಅವನು ಕಾನೂನಿನ ಕಣ್ಣಿಗೆ ಯಾರೂ ಅಲ್ಲದವನಾಗಬಹುದು.

ಮೊದಲು ನಮ್ಮ ಊರಿನಿಂದಲೇ ಆರಂಭಿಸೋಣ. ಪಂದಲೂರು ಸೇರಿರುವ ಆಗ್ನೇಯ ವಯನಾಡಿನ ಭಾಗವು 1877ರ ವರೆಗೆ ಮಲಬಾರ್ ಜಿಲ್ಲೆಗೆ ಸೇರಿತ್ತು. ಆ ವರ್ಷ ನಂಬಲಕೋಟೆ, ಚೇರಂಕೋಡು, ಮುನ್ನನಾಡು ಎಂಬ ಮೂರು ಅಂಶಗಳನ್ನು ನೀಲಗಿರಿ ಜಿಲ್ಲೆಗೆ ಸೇರಿಸಲಾಯಿತು. ಅಂದು ಇಲ್ಲಿದ್ದವರಲ್ಲಿ ಯಾರೊಬ್ಬರೂ ಒಂದು ಹೆಜ್ಜೆಯನ್ನೂ ಎತ್ತಿಡಲಿಲ್ಲ. ಜಿಲ್ಲೆ ಮಾತ್ರ ಬದಲಾಯಿತು. ಮುಂದೆ 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ಪಕ್ಕದ ವಯನಾಡು ಕೇರಳಕ್ಕೂ, ಬೆಟ್ಟದಾಚೆಯ ಗುಂಡ್ಲುಪೇಟೆ ಮೈಸೂರು ರಾಜ್ಯಕ್ಕೂ, ನಾವು ಮದರಾಸು ರಾಜ್ಯಕ್ಕೂ ಸೇರಿದೆವು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಕಚೇರಿಯಲ್ಲಿ ತಮಿಳು ಎಂಬ ನಮ್ಮ ದಿನನಿತ್ಯದ ರೂಢಿ ಹೀಗೆ ಬಂದದ್ದು. ಜನ ಗಡಿ ದಾಟುವುದುಂಟು. ಗಡಿಯೇ ಜನರನ್ನು ದಾಟಿ ಹೋಗುವುದೂ ಉಂಟು. ಈ ಎರಡನೆಯ ಮಾತನ್ನು ಅರಿಯಲು ನಮಗೆ ಪುಸ್ತಕ ಬೇಕಾಗಿಲ್ಲ.

ಇಲ್ಲಿಯ ಮೂಲ ನಿವಾಸಿಗಳೆಂದು ಹೇಳಿಕೊಳ್ಳುವ ಹಕ್ಕು ಪಣಿಯರು, ಕಾಟುನಾಯಕರು, ಬೆಟ್ಟಕುರುಬರು, ಮುಳ್ಳುಕುರುಬರು ಮೊದಲಾದವರಿಗೆ ಉಂಟು. ಉಳಿದ ನಾವೆಲ್ಲರೂ ಯಾವುದೋ ತಲೆಮಾರಿನಲ್ಲಿ ಬಂದವರೇ. 1880ರ ಸುಮಾರಿಗೆ ಇಲ್ಲಿ ಚಿನ್ನ ಸಿಗುವುದೆಂಬ ಸುದ್ದಿ ಹಬ್ಬಿ ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿದವು, ಪಂದಲೂರು ಕೆಲಕಾಲ ಗಣಿಯ ಪಟ್ಟಣವಾಗಿ ಮೆರೆಯಿತು. ಬಂಗಾರದ ಭ್ರಮೆ ಕರಗಿದ ಮೇಲೆ ಕಾಫಿ, ಚಹಾಗಳು ಉಳಿದವು. ಆ ಕೆಲಸಗಳನ್ನು ಅರಸಿ ಮೈಸೂರು ಸೀಮೆಯಿಂದ, ಕೊಯಮತ್ತೂರಿನಿಂದ, ಮಲಬಾರಿನಿಂದ ಜನ ಬಂದರು. ಬಂದವರು ಬಂದವರನ್ನೇ ಹೊರಗಿನವರೆಂದು ಕರೆಯುವ ಮುನ್ನ ಈ ಚರಿತ್ರೆ ನೆನಪಿನಲ್ಲಿರಬೇಕು.

ಇನ್ನು ಸಿಲೋನಿನ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಲೋನಿನ ಮಧ್ಯಭಾಗದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನೂ, ಎಲೆರೋಗದಿಂದ ಕಾಫಿ ನಾಶವಾದ ಮೇಲೆ ಚಹಾವನ್ನೂ ಬೆಳೆಸಿದರು. ಕೂಲಿಗೆ ತಮಿಳು ಜಿಲ್ಲೆಗಳ ಬಡವರನ್ನು, ಹೆಚ್ಚಾಗಿ ದಲಿತ ಕುಟುಂಬಗಳನ್ನು, ಕಂಗಾಣಿಗಳ ಮೂಲಕ ಸಾಗಿಸಿದರು. ರಾಮೇಶ್ವರದ ಸಮೀಪದ ಮಂಡಪಂನಲ್ಲಿ ಅವರನ್ನು ರೋಗ ತಪಾಸಣೆಗಾಗಿ ತಡೆದು ನಿಲ್ಲಿಸುವ ಶಿಬಿರವಿತ್ತು. ಒಂದು ನೂರು ವರ್ಷ ಕಾಲ ಈ ಜನರು ಆ ಬೆಟ್ಟಗಳಲ್ಲಿ ಹುಟ್ಟಿ, ದುಡಿದು, ಅಲ್ಲೇ ಮಣ್ಣಾದರು.

1948ರ ಫೆಬ್ರವರಿಯಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಅಂಗೀಕಾರವಾದ ಪೌರತ್ವ ಕಾಯ್ದೆಯು, ತಂದೆಯೋ ಅಜ್ಜ ಮುತ್ತಜ್ಜರೋ ಆ ದ್ವೀಪದಲ್ಲೇ ಹುಟ್ಟಿದ್ದರೆಂದು ರುಜುವಾತುಪಡಿಸಿದವರಿಗೆ ಮಾತ್ರ ಜನ್ಮಸಿದ್ಧ ಪೌರತ್ವವನ್ನು ಕೊಟ್ಟಿತು. ತೋಟದ ಲೈನು ಮನೆಯಲ್ಲಿ ಹುಟ್ಟಿದ ಕೂಲಿಯ ಅಜ್ಜನಿಗೆ ಜನನಪತ್ರ ಎಲ್ಲಿಂದ ಬರಬೇಕು? ಲಕ್ಷಾಂತರ ಜನರು ಹುಟ್ಟಿದ ಮನೆಯಲ್ಲಿ ಕುಳಿತಂತೆಯೇ ಯಾವ ದೇಶದವರೂ ಅಲ್ಲದವರಾದರು. 1949ರಲ್ಲಿ ಮತದಾನದ ಹಕ್ಕೂ ಹೋಯಿತು. ಭಾರತವೂ ಅವರನ್ನು ತಾನಾಗಿ ತನ್ನವರೆಂದು ಒಪ್ಪಲಿಲ್ಲ.

ಹದಿನಾರು ವರ್ಷಗಳ ಬಳಿಕ, 1964ರ ಅಕ್ಟೋಬರ್ 30ರಂದು, ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡರು. ಪೌರತ್ವವಿಲ್ಲದವರ ಒಟ್ಟು ಸಂಖ್ಯೆ 9,75,000 ಎಂದು ಲೆಕ್ಕ ಹಿಡಿಯಲಾಯಿತು. ಅವರಲ್ಲಿ 5,25,000 ಮಂದಿಯನ್ನು ಭಾರತ ಸ್ವೀಕರಿಸುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದ 1,50,000 ಮಂದಿಯ ವಿಷಯವನ್ನು ಮುಂದೆ ನೋಡುವುದು ಎಂದು ತೀರ್ಮಾನವಾಯಿತು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಉಳಿಕೆಯನ್ನು 75,000ದಂತೆ ಸಮನಾಗಿ ಹಂಚಿಕೊಳ್ಳಲಾಯಿತು. ಅಣ್ಣತಮ್ಮಂದಿರು ಪಾಲುಪಾರಿಕತ್ತು ಮಾಡಿಕೊಳ್ಳುವಾಗ ದನಕರುಗಳನ್ನು ಎಣಿಸುವ ರೀತಿ ಇದು. ಎರಡು ಸರ್ಕಾರಗಳು ಕುಳಿತು ಎಣಿಸಿದವು. ಎಣಿಕೆಗೆ ಒಳಗಾದವರು ಒಪ್ಪಂದದಲ್ಲಿ ಪಕ್ಷಕಾರರಾಗಿರಲಿಲ್ಲ. ಎರಡೂ ಸರ್ಕಾರಗಳ ಉದ್ದೇಶ ಕೆಟ್ಟದೆಂದು ನಾವು ಹೇಳುವುದಿಲ್ಲ. ಯಾರಿಗೂ ಬೇಡವಾದವರಿಗೆ ಯಾವುದಾದರೊಂದು ದೇಶ ದೊರಕಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಮನುಷ್ಯರನ್ನು ಅಂಕಿಗಳಾಗಿ ಕಂಡ ಕಾನೂನು ಎಷ್ಟು ಸದುದ್ದೇಶದ್ದಾದರೂ ಎಲ್ಲೋ ಒಂದು ಕಡೆ ಗಾಯ ಮಾಡದೆ ಬಿಡುವುದಿಲ್ಲ.

ಒಪ್ಪಂದವಾಗಿ ಎರಡು ತಿಂಗಳೂ ತುಂಬುವ ಮೊದಲು, 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿ ಕಡಲಪಾಲಾಯಿತು. ಆ ಬಳಿಕ ತಲೈಮನ್ನಾರಿನಿಂದ ಹಡಗು ರಾಮೇಶ್ವರಕ್ಕೆ ಬರತೊಡಗಿತು. ಅಜ್ಜಂದಿರು ಹೋಗುವಾಗ ತಂಗಿದ್ದ ಮಂಡಪಂ ಶಿಬಿರವೇ ಮೊಮ್ಮಕ್ಕಳು ಬರುವಾಗಲೂ ತಂಗುದಾಣವಾಯಿತು. 1984ರಲ್ಲಿ ಹಡಗು ನಿಲ್ಲುವಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಮೀರಿದ ಜನರು ಈ ದಾರಿಯಾಗಿ ಬಂದಿದ್ದರು. ಕೈಯಲ್ಲಿ ಭಾರತದ ಪಾಸ್‌ಪೋರ್ಟು, ಜೊತೆಗೆ ಪುನರ್ವಸತಿಯ ಬಗೆಯನ್ನು ಬರೆದ ಕುಟುಂಬ ಕಾರ್ಡು. ಸರ್ಕಾರದ ಭಾಷೆಯಲ್ಲಿ ಅವರು 'ತಾಯಗಂ ತಿರುಂಬಿಯೋರ್', ಅಂದರೆ ತಾಯ್ನಾಡಿಗೆ ಮರಳಿದವರು. ಆ ತಾಯ್ನಾಡನ್ನು ಅವರಲ್ಲಿ ಹೆಚ್ಚಿನವರು ಹಡಗಿನಿಂದ ಇಳಿದ ದಿನವೇ ಮೊದಲು ಕಂಡದ್ದು.

ಅವರಲ್ಲಿ ಬಹಳ ಮಂದಿ ನೀಲಗಿರಿಯನ್ನು ಆರಿಸಿಕೊಂಡರು. ಚಹಾದ ಕೆಲಸ ಗೊತ್ತಿತ್ತು, ಹವೆ ನುವರ ಎಲಿಯಾದ ಹವೆಯಂತಿತ್ತು. ಅವರಿಗೆ ಉದ್ಯೋಗ ಕಲ್ಪಿಸಲೆಂದೇ 1968ರಲ್ಲಿ ತಮಿಳುನಾಡು ಸರ್ಕಾರವು ಅರಣ್ಯ ಇಲಾಖೆಯ ಮೂಲಕ ಚಹಾ ಯೋಜನೆಯೊಂದನ್ನು ಆರಂಭಿಸಿತು. ಎಪ್ಪತ್ತರ ದಶಕದ ನಡುವೆ ಅದು ತಮಿಳುನಾಡು ಚಹಾ ತೋಟ ನಿಗಮವಾಯಿತು. ನಾವೆಲ್ಲ 'ಟ್ಯಾನ್‌ಟೀ' ಎಂದು ಕರೆಯುವುದು ಅದನ್ನೇ. ಕಾಡು ಕಡಿದು, ಗುಂಡಿ ತೋಡಿ, ಸಸಿ ನೆಟ್ಟು, ಜಿಗಣೆಯ ಮಳೆಯಲ್ಲಿ ಬುಟ್ಟಿ ಹೊತ್ತು ಆ ತೋಟಗಳನ್ನು ಮಾಡಿದವರು ಅವರು. ಇದೇ ಒಪ್ಪಂದದ ಮೇರೆಗೆ ಬಂದ ಕೆಲವು ಕುಟುಂಬಗಳು ಕರ್ನಾಟಕಕ್ಕೂ ಹೋದವು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಹಾಲು ತೆಗೆಯುವವರಲ್ಲಿ ಬಹುಪಾಲು ಅವರೇ. ಮನೆಯಲ್ಲಿ ತಮಿಳು ಆಡುವ ಅಲ್ಲಿಯ ಮಕ್ಕಳು ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತರು. ತಮಿಳುನಾಡಿನಲ್ಲಿ ಕನ್ನಡ ಕಲಿಸುವ ನಮ್ಮ ಶಾಲೆಗೂ, ಕರ್ನಾಟಕದಲ್ಲಿ ತಮಿಳು ಮಕ್ಕಳಿಗೆ ಕಲಿಸಿದ ಆ ಶಾಲೆಗಳಿಗೂ ಒಂದು ಬಗೆಯ ಬೀಗತನ ಉಂಟೆಂದು ನಮ್ಮ ಭಾವನೆ.

ಈ ಪುನರ್ವಸತಿಯಲ್ಲಿ ಸರಿಯಾದದ್ದು ಏನು, ತಪ್ಪಿದ್ದು ಏನು ಎಂದು ಬಿಡಿಸಿ ನೋಡಬೇಕು. ಸರಿಯಾದದ್ದು ಮೂರು. ಬರುವ ಮೊದಲೇ ಪೌರತ್ವ ದೊರೆಯಿತು. ತಿಳಿದ ಕಸುಬಿನಲ್ಲಿಯೇ ಕೆಲಸ ದೊರೆಯಿತು. ಮಕ್ಕಳಿಗೆ ಶಾಲೆ ದೊರೆಯಿತು. ತಪ್ಪಿದ್ದು ಒಂದೇ, ಆದರೆ ಅದು ಬುಡಕ್ಕೆ ಸಂಬಂಧಿಸಿದ್ದು: ನೆಲ ದೊರೆಯಲಿಲ್ಲ. ವಾಸದ ಮನೆ ನಿಗಮದ್ದು, ಕೆಲಸ ಇರುವವರೆಗೆ ಮಾತ್ರ ಸೂರು. ನಿವೃತ್ತಿಯ ಬಳಿಕ ಎಲ್ಲಿಗೆ ಹೋಗಬೇಕೆಂಬುದನ್ನು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ. ತೋಟದ ಹೊರಗೆ ನೆಲೆಸಿದವರು 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ಕಾಯ್ದೆಯಡಿ ಇಂದಿಗೂ ಇತ್ಯರ್ಥವಾಗದ ಜಮೀನುಗಳಲ್ಲಿ, ಪಟ್ಟಾ ಇಲ್ಲದೆ, ಕೆಲವು ಕಡೆ ವಿದ್ಯುತ್ತೂ ಇಲ್ಲದೆ ದಿನ ತಳ್ಳಿದ್ದಾರೆ. ಸುಳ್ಯದ ಕಡೆ ಹೋದವರು ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿಗಳನ್ನು ಅಲೆದಿದ್ದಾರೆ. ಈಚೆಗೆ, 2022ರಲ್ಲಿ, ನಿಗಮದ ಎರಡು ಸಾವಿರ ಹೆಕ್ಟೇರಿಗೂ ಹೆಚ್ಚಿನ ಭೂಮಿಯನ್ನು ಅರಣ್ಯ ಇಲಾಖೆಗೆ ಮರಳಿಸಲು ನಿರ್ಧಾರವಾದಾಗ, ಅರ್ಧ ಶತಮಾನದ ಹಿಂದೆ ನೆಲೆಗೊಳಿಸಿದವರ ಮನೆಗಳಲ್ಲಿ ಮತ್ತೆ ಅದೇ ಹಳೆಯ ಪ್ರಶ್ನೆ ಎದ್ದಿತು: ಇನ್ನು ಎಲ್ಲಿಗೆ?

ಮರಳಿದವರ ಕಥೆ ಇದಾದರೆ, ಓಡಿ ಬಂದವರ ಕಥೆ ಬೇರೆ. 1983ರ ಜುಲೈ ಗಲಭೆಗಳ ನಂತರ ದೋಣಿ ಹತ್ತಿ ಬಂದವರು ಪಾಸ್‌ಪೋರ್ಟು, ಕಾರ್ಡು ಯಾವುದನ್ನೂ ತರಲಿಲ್ಲ. ಜೀವ ಉಳಿಸಿಕೊಳ್ಳಲು ಓಡುವವರು ಕಚೇರಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಓಡುವುದಿಲ್ಲ. 2021ರ ಹೊತ್ತಿಗೆ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಸುಮಾರು 58 ಸಾವಿರ ಜನರೂ, ಶಿಬಿರಗಳ ಹೊರಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರೂ ಹೀಗೆ ಬಾಳುತ್ತಿದ್ದರು. ಅವರಲ್ಲಿ ಗಣನೀಯ ಪಾಲು ಬೆಟ್ಟಪ್ರದೇಶದ ತೋಟಗಳ ಮೂಲದವರು. 1977ರ ಗಲಭೆಗಳ ಬಳಿಕ ತೋಟ ಬಿಟ್ಟು ವವುನಿಯಾ ಕಡೆಗೆ ಹೋಗಿದ್ದವರು, ಅಲ್ಲಿಂದಲೂ ಎದ್ದು ಬಂದವರು. ಒಂದೇ ತೋಟದ ಒಂದೇ ಸಾಲು ಮನೆಯಲ್ಲಿ ಹುಟ್ಟಿದ ಅಣ್ಣ 1975ರಲ್ಲಿ ಹಡಗು ಹತ್ತಿದ್ದರೆ ಇಂದು ಪಂದಲೂರಿನ ಮತದಾರ. ತಮ್ಮ 1985ರಲ್ಲಿ ದೋಣಿ ಹತ್ತಿದ್ದರೆ ಇಂದಿಗೂ ಶಿಬಿರದ ನಿವಾಸಿ. ಇಬ್ಬರ ನಡುವಿನ ವ್ಯತ್ಯಾಸ ರಕ್ತದಲ್ಲಿಲ್ಲ, ಭಾಷೆಯಲ್ಲಿಲ್ಲ, ನಡತೆಯಲ್ಲಿಲ್ಲ, ಬರೀ ತಾರೀಖಿನಲ್ಲಿದೆ.

ಇಲ್ಲಿ ನಮ್ಮ ಕಾನೂನಿನ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ನಿರಾಶ್ರಿತ ಎಂಬ ಪದಕ್ಕೆ ಸ್ಥಾನ ಕೊಟ್ಟ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆಗೂ 1967ರ ಪೂರಕ ಒಡಂಬಡಿಕೆಗೂ ನಾವು ಸಹಿ ಹಾಕಿಲ್ಲ. 1946ರ ವಿದೇಶೀಯರ ಕಾಯ್ದೆಯ ಕಣ್ಣಿನಲ್ಲಿ ಪ್ರವಾಸಿಯೂ, ಕಳ್ಳಸಾಗಣೆಗಾರನೂ, ಪ್ರಾಣಭಯದಿಂದ ಓಡಿ ಬಂದ ತಾಯಿಯೂ ಒಂದೇ ಬಗೆಯ ವಿದೇಶೀಯರಾಗಿದ್ದರು. ಪೌರತ್ವ ಕಾಯ್ದೆ 1955ರಲ್ಲಿ ಅಂಗೀಕಾರವಾದಾಗ ಉದಾರವಾಗಿತ್ತು. ಈ ನೆಲದಲ್ಲಿ ಹುಟ್ಟಿದ ಮಗು ಈ ನೆಲದ ಮಗು ಎಂಬುದೇ ನಿಯಮ. 1987ರ ಜುಲೈ 1ರಿಂದ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂಬ ಷರತ್ತು ಬಂದಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದಾಯಿತು. ದಾಖಲೆಯಿಲ್ಲದೆ ಬಂದವರೆಲ್ಲ ಅಕ್ರಮ ವಲಸಿಗರು, ಅವರು ಎಷ್ಟು ವರ್ಷ ಇಲ್ಲಿದ್ದರೂ ಪೌರತ್ವಕ್ಕೆ ಅರ್ಜಿ ಹಾಕಲಾರರು. ಶಿಬಿರದಲ್ಲಿ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿ, ರಾಷ್ಟ್ರಗೀತೆ ಹಾಡಿ ಬೆಳೆದ ಇಪ್ಪತ್ತೈದರ ಯುವಕನಿಗೆ ಅವನು ಎಂದೂ ಕಾಣದ ದೇಶವೊಂದರ ಹಣೆಪಟ್ಟಿ ಅಂಟಿಕೊಂಡಿರುವುದು ಈ ಕಾರಣದಿಂದ.

2019ರ ತಿದ್ದುಪಡಿಯು ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮಗಳವರಿಗೆ ಈ ಬಾಗಿಲನ್ನು ತೆರೆಯಿತು. ಶ್ರೀಲಂಕಾ ಆ ಪಟ್ಟಿಯಲ್ಲಿಲ್ಲ. ಅದೇ ವರ್ಷ ಜೂನ್ ತಿಂಗಳಲ್ಲಿ ಮದರಾಸು ಹೈಕೋರ್ಟಿನ ಮಧುರೈ ಪೀಠದಲ್ಲಿ ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್ ಅವರು, ಬೆಟ್ಟದ ತೋಟಗಳ ಮೂಲದ ಶಿಬಿರವಾಸಿಗಳ ಅರ್ಜಿಯ ಮೇಲೆ ತೀರ್ಪಿತ್ತರು. ದಶಕಗಳ ಕಾಲ ಯಾವ ನೆಲೆಯೂ ಇಲ್ಲದೆ ಕಾವಲಿನಡಿ ಇರಿಸುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ಒಗ್ಗದೆಂದು ಕಂಡು, ಅವರ ಪೌರತ್ವದ ಅರ್ಜಿಗಳನ್ನು ಕೇಂದ್ರ ಸರ್ಕಾರ ಪರಿಶೀಲಿಸಬೇಕೆಂದು ಸೂಚಿಸಿದರು. 2021ರಲ್ಲಿ ತಮಿಳುನಾಡು ಸರ್ಕಾರವು ಶಿಬಿರಗಳ ಹೆಸರನ್ನು ಮರುವಸತಿ ಶಿಬಿರಗಳೆಂದು ಬದಲಿಸಿ, ಮನೆ ಮತ್ತು ಶಿಕ್ಷಣಕ್ಕಾಗಿ 317 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. 2025ರಲ್ಲಿ ಹಳೆಯ ವಿದೇಶೀಯರ ಕಾಯ್ದೆಯೂ ಅದರ ಜೊತೆಯ ಕಾಯ್ದೆಗಳೂ ರದ್ದಾಗಿ, ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದಿತು. ಅದರಡಿ ಹೊರಟ ಆದೇಶವು 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರನ್ನು ದಾಖಲೆಯಿಲ್ಲದೆ ಬಂದ ತಪ್ಪಿನ ಶಿಕ್ಷೆಯಿಂದ ಬಿಡಿಸಿತು. ಇದು ಸಮಾಧಾನದ ಸಂಗತಿ. ಆದರೆ ಶಿಕ್ಷಿಸುವುದಿಲ್ಲ ಎಂಬುದು ಒಂದು ಮಾತು, ನಿಮ್ಮನ್ನು ನಮ್ಮವರೆಂದು ಒಪ್ಪುತ್ತೇವೆ ಎಂಬುದು ಇನ್ನೊಂದು ಮಾತು. ಜಗಲಿಯ ಮೇಲೆ ಕುಳ್ಳಿರಿಸಿದ ನೆಂಟನನ್ನು ನಲವತ್ತು ವರ್ಷ ಜಗಲಿಯಲ್ಲೇ ಇರಿಸಿದಂತಾಗಬಾರದು.

ಕಾಯ್ದೆ ಇಲ್ಲದಿದ್ದರೂ ಸಂವಿಧಾನ ಇದೆ. ಅದರ 14 ಮತ್ತು 21ನೆಯ ಅನುಚ್ಛೇದಗಳು ಸಮಾನತೆಯನ್ನೂ ಜೀವ ಸ್ವಾತಂತ್ರ್ಯಗಳನ್ನೂ ಪೌರನಿಗಷ್ಟೇ ಅಲ್ಲದೆ ಪ್ರತಿ ವ್ಯಕ್ತಿಗೂ ಕೊಟ್ಟಿವೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಪೌರನಾಗಲಿ ಆಗದಿರಲಿ, ಪ್ರತಿ ಮನುಷ್ಯನ ಪ್ರಾಣವನ್ನು ಕಾಯುವುದು ರಾಜ್ಯದ ಹೊಣೆ. ಆದರೆ ಈ ದೇಶದಲ್ಲಿ ನೆಲೆಸುವ ಹಕ್ಕು ಪೌರರಿಗೆ ಮಾತ್ರ ಎಂಬುದನ್ನೂ ಅದೇ ನ್ಯಾಯಾಲಯ ಹೇಳುತ್ತ ಬಂದಿದೆ. 2025ರ ಮೇ ತಿಂಗಳಲ್ಲಿ ಶ್ರೀಲಂಕಾದವರೊಬ್ಬರ ಅರ್ಜಿಯ ವಿಚಾರಣೆಯಲ್ಲಿ, ಭಾರತವೇನು ಎಲ್ಲರಿಗೂ ಆಶ್ರಯ ಕೊಡುವ ಧರ್ಮಶಾಲೆಯೇ ಎಂಬರ್ಥದ ಮಾತು ನ್ಯಾಯಪೀಠದಿಂದ ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಜೀವಕ್ಕೆ ರಕ್ಷಣೆ ಉಂಟು, ನೆಲೆಗೆ ಭರವಸೆ ಇಲ್ಲ: ಈ ಎರಡರ ನಡುವಿನ ಕಿರಿದಾದ ದಂಡೆಯ ಮೇಲೆ ನಿರಾಶ್ರಿತರ ಬದುಕು ನಡೆಯುತ್ತಿದೆ.

ಕಾಯ್ದೆ ಇಲ್ಲದಿರುವುದರ ಪರಿಣಾಮವನ್ನು ಕನ್ನಡ ನಾಡಿನಲ್ಲೇ ಕಾಣಬಹುದು. ಟಿಬೆಟ್ಟಿನಿಂದ ಬಂದವರಿಗೆ ಅಂದಿನ ಮೈಸೂರು ರಾಜ್ಯವು 1960ರ ಹೊತ್ತಿಗೆ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು; ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿಯೂ ವಸತಿಗಳಾದವು. ಅವರು ಮುಸುಕಿನ ಜೋಳ ಬೆಳೆದರು, ಮಠ ಕಟ್ಟಿದರು, ಶಾಲೆ ಆಸ್ಪತ್ರೆಗಳನ್ನು ನಡೆಸಿದರು. ಸುತ್ತಲ ಹಳ್ಳಿಗಳವರಿಗೂ ಅದರಿಂದ ಸಂತೆ ವ್ಯಾಪಾರ ಬೆಳೆಯಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಭತ್ತದ ಗದ್ದೆ ಮಾಡಿದರು. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯರೆಂದು 2010ರಲ್ಲಿ ದೆಹಲಿ ಹೈಕೋರ್ಟೂ, 2013ರಲ್ಲಿ ಕರ್ನಾಟಕ ಹೈಕೋರ್ಟೂ ಒಪ್ಪಿದವು. ಒಂದೇ ದೇಶ, ಒಂದೇ ಸಂವಿಧಾನ. ಆದರೂ ಒಬ್ಬರಿಗೆ ಹೊಲ, ಒಬ್ಬರಿಗೆ ತೋಟದ ಕೂಲಿ, ಒಬ್ಬರಿಗೆ ಶಿಬಿರದ ಹಾಜರಿ ಪುಸ್ತಕ. ಒಳ್ಳೆಯ ಅಧಿಕಾರಿ ಸಿಕ್ಕಿದರೆ ಒಳ್ಳೆಯ ದಿನ, ಇಲ್ಲವಾದರೆ ಇಲ್ಲ. ದಯೆಯನ್ನು ಅಧಿಕಾರಿಯ ಮನೋಧರ್ಮಕ್ಕೆ ಬಿಡದೆ ಕಾನೂನಿನಲ್ಲಿ ಬರೆದಿಡಬೇಕೆಂದು ನಾವು ಹೇಳುವುದು ಈ ಕಾರಣಕ್ಕಾಗಿ.

ಈ ಮಾತಿಗೆ ಎದುರುಮಾತುಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ದೇಶದ ಭದ್ರತೆಯ ಪ್ರಶ್ನೆ ಮೊದಲನೆಯದು. ಮರೆಹೊಕ್ಕವರ ವೇಷದಲ್ಲಿ ಕೇಡು ಬಗೆಯುವವರು ಬರಲಾರರೇ? ಬರಬಹುದು. ಇದನ್ನು ನಮ್ಮ ಹಿರಿಯರೂ ಯೋಚಿಸಿದ್ದರು. ರಾಮಾಯಣದಲ್ಲಿ ವಿಭೀಷಣನು ಲಂಕೆಯನ್ನು ಬಿಟ್ಟು ಕಡಲು ದಾಟಿ ಬಂದಾಗ ಸುಗ್ರೀವನು ಶಂಕಿಸಿದ. ಶತ್ರುವಿನ ತಮ್ಮನನ್ನು ನಂಬುವುದು ಹೇಗೆ ಎಂದು ಕೇಳಿದ. ರಾಮನು ಅವನ ಬಾಯಿ ಮುಚ್ಚಿಸಲಿಲ್ಲ, ಎಲ್ಲರ ಅಭಿಪ್ರಾಯವನ್ನೂ ಕೇಳಿದ. ಬಂದವನ ಮಾತಿನ ರೀತಿಯನ್ನು ನೋಡಿ ಹನುಮಂತನು ಅವನಲ್ಲಿ ಕಪಟ ಕಾಣುವುದಿಲ್ಲವೆಂದ. ಆ ಬಳಿಕ ಅಭಯ ದೊರೆಯಿತು. ಶಂಕೆಗೂ ಸ್ಥಾನವುಂಟು, ವಿಚಾರಣೆಗೂ ಸ್ಥಾನವುಂಟು, ಕೊನೆಗೊಂದು ತೀರ್ಮಾನವೂ ಉಂಟು. ವಿಭೀಷಣನು ಆಕಾಶದಲ್ಲಿ ಕಾದದ್ದು ಆ ಒಂದು ಸಭೆ ಮುಗಿಯುವವರೆಗೆ ಮಾತ್ರ, ತಲೆಮಾರುಗಳ ಕಾಲವಲ್ಲ. ನಮ್ಮ ಅರಸರು ಶಾಸನಗಳಲ್ಲಿ 'ಶರಣಾಗತವಜ್ರಪಂಜರ' ಎಂಬ ಬಿರುದನ್ನು ಕೆತ್ತಿಸಿಕೊಳ್ಳುತ್ತಿದ್ದುದು ಮರೆಹೊಕ್ಕವರನ್ನು ಕಾಯುವುದು ದುರ್ಬಲತೆಯಲ್ಲ, ಅರಸುತನದ ಲಕ್ಷಣ ಎಂಬ ತಿಳಿವಳಿಕೆಯಿಂದಲೇ.

ಎರಡನೆಯ ಎದುರುಮಾತು ಇನ್ನೂ ಹತ್ತಿರದ್ದು, ಇನ್ನೂ ಕಠಿಣವಾದದ್ದು. ಬಂದವರಿಗೆ ಕೊಟ್ಟ ನೆಲ ಯಾರದು? ಈ ಬೆಟ್ಟಗಳಲ್ಲಿ ಚಹಾಕ್ಕಾಗಿ ಕಡಿದ ಕಾಡು ಪಣಿಯರಿಗೂ ಕಾಟುನಾಯಕರಿಗೂ ಜೇನು, ಗೆಡ್ಡೆ, ದೇವರಬನಗಳ ತಾಣವಾಗಿತ್ತು. ಆನೆಯ ದಾರಿಗಳೂ ಅಲ್ಲಿದ್ದವು. ಒಬ್ಬ ನಿರ್ಗತಿಕನಿಗೆ ನೆಲೆ ಕೊಡುವ ಭರದಲ್ಲಿ ಇನ್ನೊಬ್ಬ ನಿರ್ಗತಿಕನ ನೆಲೆಯನ್ನು ಕೇಳದೆ ತೆಗೆದುಕೊಂಡದ್ದು ನಿಜ. ಇಂದು ಆ ಭೂಮಿ ಕಾಡಿಗೆ ಮರಳುವಾಗಲೂ 2006ರ ಅರಣ್ಯ ಹಕ್ಕುಗಳ ಕಾಯ್ದೆಯಂತೆ ಆದಿವಾಸಿಗಳ ಹಕ್ಕನ್ನು ಮೊದಲು ಗುರುತಿಸಬೇಕು; ಹಾಗೆಯೇ ಐವತ್ತು ವರ್ಷ ದುಡಿದ ತೋಟದವರಿಗೆ ವಾಸದ ಮನೆಯ ಹಕ್ಕುಪತ್ರವನ್ನೂ ಕೊಡಬೇಕು. ಬಡವರ ಎರಡು ಗುಂಪುಗಳನ್ನು ಒಂದು ತುಂಡು ನೆಲಕ್ಕಾಗಿ ಎದುರುಬದುರು ನಿಲ್ಲಿಸಿ ದೊಡ್ಡ ಎಸ್ಟೇಟುಗಳ ಲೆಕ್ಕವನ್ನು ಯಾರೂ ಕೇಳದಂತಾದರೆ ಅದು ನ್ಯಾಯವಾಗದು.

ಹಾಗಾದರೆ ಮಾನವೀಯವಾದ ಕಾನೂನು ಹೇಗಿರಬೇಕು? ನಮಗೆ ತೋಚಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪ್ರಾಣಭಯದಿಂದ ಬಂದವರನ್ನು ಅಪಾಯವಿರುವಲ್ಲಿಗೆ ಮರಳಿ ಅಟ್ಟಬಾರದೆಂಬ ನಿಯಮ ಮೊದಲನೆಯದು. ಬಂದವರ ಮಾತನ್ನು ಅವರ ಭಾಷೆಯಲ್ಲಿ ಆಲಿಸಿ, ನಿಗದಿತ ಅವಧಿಯೊಳಗೆ ಲಿಖಿತ ತೀರ್ಮಾನ ಕೊಡುವ, ಮೇಲ್ಮನವಿಗೆ ಅವಕಾಶವಿರುವ ಪ್ರಾಧಿಕಾರ ಎರಡನೆಯದು. ತೀರ್ಮಾನವಾಗುವ ತನಕ ದುಡಿಯುವ, ಓದುವ, ಚಿಕಿತ್ಸೆ ಪಡೆಯುವ ಹಕ್ಕು ಮೂರನೆಯದು. ಶಿಬಿರವು ತಂಗುದಾಣವಾಗಬೇಕೇ ಹೊರತು ಸೆರೆಮನೆಯಾಗಬಾರದು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಪೌರತ್ವದ ದಾರಿ ನಾಲ್ಕನೆಯದು. 1964ರ ಒಪ್ಪಂದದ ಪ್ರಕಾರ ಭಾರತಕ್ಕೆ ಸೇರಬೇಕಾಗಿದ್ದು, ಹಡಗು ನಿಂತುದರಿಂದ ದೋಣಿಯಲ್ಲಿ ಬಂದ ತೋಟದ ಮೂಲದವರನ್ನು ಆ ಒಪ್ಪಂದದ ಫಲಾನುಭವಿಗಳೆಂದೇ ಗಣಿಸುವುದು ಐದನೆಯದು. ಇದರಲ್ಲಿ ಹೊಸ ಔದಾರ್ಯವೇನೂ ಇಲ್ಲ. ಕೊಟ್ಟ ಮಾತನ್ನು ಪೂರೈಸುವುದಷ್ಟೇ. ಆಚೆಯ ಶ್ರೀಲಂಕೆಯು ತನ್ನಲ್ಲಿ ಉಳಿದಿದ್ದ ಪೌರತ್ವವಿಲ್ಲದ ತೋಟದ ಜನರಿಗೆ 2003ರಲ್ಲಿ ಕಾಯ್ದೆ ಮಾಡಿ ಪೌರತ್ವ ಕೊಟ್ಟಿತು. ಈಚೆಯ ದಡದಲ್ಲಿ ಉಳಿದಿರುವ ಕೆಲಸವನ್ನು ಮುಗಿಸುವುದು ನಮ್ಮ ಪಾಲಿಗೆ ಬಂದಿದೆ.

ಶಾಲೆಯವರಾದ ನಾವು ಮಾಡಬಹುದಾದದ್ದೇನು? ಕಾಯ್ದೆ ಮಾಡುವುದು ಸಂಸತ್ತಿನ ಕೆಲಸ, ಆದರೆ ಕಾಯ್ದೆಯಲ್ಲಿ ಈಗಾಗಲೇ ಇರುವುದನ್ನು ನಡೆಸುವುದು ನಮ್ಮ ಕೈಯಲ್ಲಿದೆ. ಸಂವಿಧಾನದ 21ಎ ಅನುಚ್ಛೇದವು ಆರರಿಂದ ಹದಿನಾಲ್ಕು ವರ್ಷದ 'ಎಲ್ಲ ಮಕ್ಕಳಿಗೂ' ಶಿಕ್ಷಣ ಎನ್ನುತ್ತದೆ. 'ಎಲ್ಲ ಪೌರರ ಮಕ್ಕಳಿಗೂ' ಎನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದೂ, ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸಬಾರದೆಂದೂ ವಿಧಿಸಿದೆ. 1992ರಲ್ಲಿ ಭಾರತ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಪ್ರತಿ ಮಗುವಿಗೂ ಹೆಸರನ್ನೂ ಜನನ ನೋಂದಣಿಯನ್ನೂ ರಾಷ್ಟ್ರೀಯತೆಯನ್ನು ಪಡೆಯುವ ಹಕ್ಕನ್ನೂ ಸಾರಿದೆ. ಆದ್ದರಿಂದ ಬಾಗಿಲಿಗೆ ಬಂದ ಮಗುವನ್ನು ಮೊದಲು ತರಗತಿಯಲ್ಲಿ ಕುಳ್ಳಿರಿಸುವುದು, ಕಾಗದವನ್ನು ಆಮೇಲೆ ಕೇಳುವುದು. ಹೆಸರನ್ನೂ ಊರನ್ನೂ ತಂದೆತಾಯಿ ಹೇಳಿದಂತೆ ತಪ್ಪಿಲ್ಲದೆ ಬರೆದುಕೊಳ್ಳುವುದು. ಹಳೆಯ ದಾಖಲಾತಿ ಪುಸ್ತಕಗಳನ್ನು ಗೆದ್ದಲಿನಿಂದಲೂ ಮಳೆಯಿಂದಲೂ ಕಾಪಾಡುವುದು. ಯಾರಾದರೂ ಮೂವತ್ತು ವರ್ಷಗಳ ಬಳಿಕ ಬಂದು ಒಂದು ನಕಲು ಕೇಳಿದರೆ ಅಲೆದಾಡಿಸದೆ ಕೊಡುವುದು. ಇವು ಸಣ್ಣ 'ಕಾರ್ಕೂನಿಕೆ'ಯ ಕೆಲಸಗಳೆಂದು ತೋರಬಹುದು. ಆದರೆ 1948ರಲ್ಲಿ ಸಿಲೋನಿನ ತೋಟಗಳಲ್ಲಿ ಇಂಥ ಪುಸ್ತಕಗಳು ಎಲ್ಲರ ಹೆಸರನ್ನೂ ಹಿಡಿದಿದ್ದರೆ ಎಷ್ಟೋ ಕುಟುಂಬಗಳು ಕಡಲು ದಾಟಬೇಕಾಗಿರಲಿಲ್ಲ.

ಈ ನಾಡಿನಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಉಳಿದಿರುವುದು ನಮ್ಮೊಬ್ಬರ ಹಟದಿಂದ ಮಾತ್ರವಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ಸಂಖ್ಯೆಯಲ್ಲಿ ಕಡಿಮೆಯಿರುವವರಿಗೂ ಇಲ್ಲಿ ಸ್ಥಳವುಂಟು ಎಂಬ ಆ ಭರವಸೆಯ ನೆರಳಿನಲ್ಲಿ ನಾವು ಓದಿದೆವು. ನಮಗೆ ದೊರೆತ ನೆರಳನ್ನು ನಮಗಿಂತಲೂ ಬಿಸಿಲಿನಲ್ಲಿ ನಿಂತವರಿಗೆ ಕೇಳುವುದು ನಮ್ಮ ಕರ್ತವ್ಯವೆಂದು ತಿಳಿದು ಇಷ್ಟು ಮಾತನಾಡಿದ್ದೇವೆ. ಮುಂದಿನ ನೂರು ವರ್ಷಗಳಲ್ಲಿ ಈ ಶಾಲೆಯ ಪುಸ್ತಕದಲ್ಲಿ ಬರೆಯಲ್ಪಡುವ ಪ್ರತಿಯೊಂದು ಹೆಸರಿನ ಮುಂದೆಯೂ ಹುಟ್ಟಿದ ಊರು ಎಂಬ ಅಂಕಣವಿರಲಿ. ಆ ಅಂಕಣವು ಯಾವ ಮಗುವಿನ ಭವಿಷ್ಯಕ್ಕೂ ಅಡ್ಡಗೋಡೆಯಾಗದಿರಲಿ.